ಸೋಯಾ ಅವರೆಯ ಹಿಂಡಿಯಿಂದ ತಿಂಡಿ ಕಟ್ಟುವ ಪೊರೆ

ತಿಪ್ಪೆಯ ಬಳಿ ಮೇಯುವ ದನವು ತಿಂಡಿಯ ವಾಸನೆ ಹತ್ತಿದ ಪ್ಲಾಸ್ಟಿಕ್ ಚೀಲವನ್ನು ನುಂಗುವುದನ್ನು ನೋಡದ ರೈತರಿಲ್ಲ. ಅದು ಜೀರ್ಣವಾಗದೆ ಹೊಟ್ಟೆಯಲ್ಲಿ ಉಂಡೆಕಟ್ಟಿ, ಕೊನೆಗೆ ಪ್ರಾಣಕ್ಕೇ ಎರವಾಗುವುದುಂಟು. ೨೦೨೨ನೆಯ ಇಸವಿ ಜುಲೈ ೧ರಿಂದ ಒಮ್ಮೆ ಬಳಸಿ ಬಿಸುಡುವ ಹಲವು ಪ್ಲಾಸ್ಟಿಕ್ ಸಾಮಾನುಗಳನ್ನು ಭಾರತ ಸರ್ಕಾರವು ನಿಷೇಧಿಸಿದೆ. ಆದರೂ ತಿಂಡಿ ಕಟ್ಟುವುದಕ್ಕೆ ಏನಾದರೊಂದು ಬೇಕಷ್ಟೆ. ಬಾಳೆಯೆಲೆಯೂ ಮುತ್ತುಗದೆಲೆಯೂ ಹೊತ್ತಿನ ಊಟಕ್ಕೆ ಸಾಕು. ವಾರಗಟ್ಟಲೆ ಇಡತಕ್ಕ ಹುರಿಗಾಳಿಗೆ ಸಾಲವು. ಸಸ್ಯಗಳ ಪ್ರೋಟೀನಿನಿಂದ ಇದಕ್ಕೆ ತಕ್ಕ ಪೊರೆಯನ್ನು ಮಾಡುವ ಕ್ರಮವನ್ನು ಇಲ್ಲಿ ವಿವರಿಸಿದೆ.

ತತ್ತ್ವ.— ಕಾಯಿಸಿದ ಹಾಲು ಕೆನೆಗಟ್ಟುವಂತೆಯೇ ಸೋಯಾ ಅವರೆಯ ಹಾಲಿನ ಮೇಲೆಯೂ ಪೊರೆ ಕಟ್ಟುವುದು. ಜಪಾನಿನವರು ಇದನ್ನೆತ್ತಿ ‘ಯುಬಾ’ ಎಂಬ ಹೆಸರಿನಿಂದ ಆಹಾರವಾಗಿ ಬಳಸುತ್ತಾರೆ. ಪ್ರೋಟೀನಿನ ಅಣುಗಳು ಸುತ್ತಿಟ್ಟ ನೂಲಿನಂತಿರುತ್ತವೆ. ಶಾಖವೂ ಕ್ಷಾರವೂ ತಗಲಿದರೆ ಬಿಚ್ಚಿಕೊಂಡು, ನೀರು ಆರಿದಂತೆಲ್ಲಾ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಇಂತಹ ಪೊರೆಯು ಮಣ್ಣಿಗೆ ಬಿದ್ದರೆ ಸೂಕ್ಷ್ಮಜೀವಿಗಳು ಅದನ್ನು ಕೊಳೆಯಿಸಿ ಗೊಬ್ಬರ ಮಾಡುತ್ತವೆ.

ಮಾಡುವ ಕ್ರಮ.— (೧) ಆಹಾರಕ್ಕೆ ಯೋಗ್ಯವಾದ, ಎಣ್ಣೆ ತೆಗೆದ ಸೋಯಾ ಹಿಟ್ಟನ್ನು ಹತ್ತರಷ್ಟು ನೀರಿನಲ್ಲಿ ಕದಡತಕ್ಕದ್ದು. ಇದರಲ್ಲಿ ನೂರಕ್ಕೆ ಸುಮಾರು ೫೦ ಪಾಲು ಪ್ರೋಟೀನಿರುತ್ತದೆ. ಪಿ.ಎಚ್. ೮ರಿಂದ ೯ ಆಗುವವರೆಗೆ ಕಾಸ್ಟಿಕ್ ಸೋಡಾದ ತಿಳಿಯಾದ ದ್ರಾವಣವನ್ನು ತೊಟ್ಟುತೊಟ್ಟಾಗಿ ಹಾಕಬೇಕು. ಇದು ಕೈಕಣ್ಣುಗಳನ್ನು ಸುಡುವುದಾದುದರಿಂದ ಬಹಳ ಎಚ್ಚರಿಕೆ ಬೇಕು. ಒಂದು ಗಂಟೆಯ ತರುವಾಯ ಸೋಸುವುದು.

(೨) ಸೋಸಿದ ನೀರಿಗೆ ಪಿ.ಎಚ್. ೪.೫ಕ್ಕೆ ಇಳಿಯುವಷ್ಟು ಆಮ್ಲವನ್ನು ಸೇರಿಸಿದರೆ ಪ್ರೋಟೀನು ಒಡೆದ ಹಾಲಿನಂತೆ ತಳಕ್ಕಿಳಿಯುವುದು. ಅದನ್ನು ತೊಳೆದು, ಹದವಾದ ಶಾಖದಲ್ಲಿ ಒಣಗಿಸಿ ಪುಡಿಮಾಡಿಕೊಳ್ಳಬೇಕು.

(೩) ೧೦೦ ಮಿಲಿಲೀಟರ್ ನೀರಿಗೆ ಈ ಪುಡಿ ೫ ಗ್ರಾಂ, ಆಹಾರ ದರ್ಜೆಯ ಗ್ಲಿಸರಿನ್ ೨.೫ ಗ್ರಾಂ ಸೇರಿಸಿ, ಪುಡಿ ಕರಗುವಂತೆ ಪುನಃ ಪಿ.ಎಚ್. ೯ಕ್ಕೆ ತರತಕ್ಕದ್ದು. ೮೦ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಅರ್ಧ ಗಂಟೆ ಇಟ್ಟು, ತೆಳುಬಟ್ಟೆಯಲ್ಲಿ ಸೋಸಿ, ಸಮತಟ್ಟಾದ ತಟ್ಟೆಗೆ ಸುರಿದು, ಧೂಳು ಬೀಳದೆಡೆಯಲ್ಲಿ ಒಂದೆರಡು ದಿನ ಒಣಗಿಸಿ ಬಿಡಿಸುವುದು.

ಗ್ಲಿಸರಿನ್ ಹಾಕದೆ ನಾನು ಮಾಡಿದ ಮೊದಲನೆಯ ಪೊರೆಯು ಹಪ್ಪಳದಂತೆ ಮುರಿಯಿತು. ಅಳತೆ ಮೀರಿ ಹಾಕಿದ ಎರಡನೆಯದು ಕಾಕಂಬಿಯಂತೆ ಕೈಗಂಟಿತು. ಆದುದರಿಂದ ತೂಕವನ್ನು ಕಣ್ಣಂದಾಜಿಗೆ ಬಿಡಲಾಗದು.

ಗುಣದೋಷಗಳು.— ಒಣಹವೆಯಲ್ಲಿ ಈ ಪೊರೆಯು ಪ್ರಾಣವಾಯುವನ್ನೂ ಎಣ್ಣೆಯನ್ನೂ ಚೆನ್ನಾಗಿ ತಡೆಯುವುದರಿಂದ ಹುರಿಗಾಳು ಬೇಗ ಕಮಟುವುದಿಲ್ಲ. ನೀರಾವಿಯನ್ನು ಮಾತ್ರ ತಡೆಯಲಾರದು, ಮಳೆಗಾಲದಲ್ಲಿ ಮೆತ್ತಗಾಗುವುದು. ಉಪ್ಪಿನಕಾಯಿಗೂ ಹಸಿಹಣ್ಣಿಗೂ ಇದು ಸಲ್ಲದು. ೧೮೨೧ರಲ್ಲಿ ಜಾನ್ ಗೊರ್ಹಾಂ ಎಂಬವರು ಮುಸುಕಿನ ಜೋಳದಿಂದ ಬೇರ್ಪಡಿಸಿದ ‘ಝೇಯಿನ್’ ಎಂಬ ಪ್ರೋಟೀನು ನೀರಿನಲ್ಲಿ ಕರಗದೆ, ನೀರು ಬೆರೆತ ಮದ್ಯಸಾರದಲ್ಲಿ ಕರಗುವುದು. ಗುಳಿಗೆಗಳಿಗೂ ಮಿಠಾಯಿಗಳಿಗೂ ಲೇಪನವಾಗಿ ಬಳಕೆಯಲ್ಲಿದೆ. ಸೋಯಾ ಒಗ್ಗದವರೂ ಇರುವುದರಿಂದ, ಮಾರುವ ಕಟ್ಟಿನ ಮೇಲೆ ಅದರ ಹೆಸರನ್ನು ಬರೆಯುವುದು ಅವಶ್ಯಕ.

ರೈತರಿಗೊಂದು ಮಾತು.— ಬೀದರ, ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ಈ ಬೆಳೆಯುಂಟು. “ಸ್ವಾಮಿ, ಸಾಲ ತೆಗೆದು ಯಂತ್ರ ಹಾಕಿಸಲೆ?” ಎಂದು ರೈತರೊಬ್ಬರು ನನ್ನನ್ನು ಕೇಳಿದರು. “ಈಗಲೇ ಬೇಡಿ” ಎಂದೆನು. ಕಿಲೋ ಹಿಟ್ಟಿನಿಂದ ದೊರಕುವ ಪ್ರೋಟೀನು ಸುಮಾರು ಮೂರನೆಯ ಒಂದು ಪಾಲು. ಉಳಿದ ಚರಟದಲ್ಲಿ ಹಿಂಡಿಯ ಸತ್ತ್ವವಿಲ್ಲ. ಪ್ಲಾಸ್ಟಿಕ್ಕಿನಿಂದ ದನವನ್ನುಳಿಸಹೋಗಿ ಅದರ ಮೇವಿನ ಸಾರವನ್ನೇ ಕಸಿದುಕೊಳ್ಳಬಾರದು. ಮೊದಲು ಒಂದು ತಟ್ಟೆಯಷ್ಟು ಮಾಡಿ, ಮಳೆಗಾಲವೊಂದನ್ನು ಕಳೆಯಿಸಿ, ಕೊಳ್ಳುವ ವರ್ತಕರನ್ನು ವಿಚಾರಿಸಿ, ಖರ್ಚುವೆಚ್ಚಗಳನ್ನು ಬರೆದಿಡಲಿ. ಲೆಕ್ಕವು ಒಪ್ಪಿದರೆ ಹತ್ತು ಮಂದಿ ಕೂಡಿ ಸಹಕಾರ ಸಂಘದ ಮೂಲಕ ಮುಂದುವರಿಯುವುದು ಕ್ಷೇಮಕರ.