ತೆರಿಗೆ ಇಳಿದರೆ ಕೂಲಿಯವರಿಗೆ ಸಿಕ್ಕುವದೇನು?

2025ನೇ ಇಸವಿಯ ಸೆಪ್ಟೆಂಬರ್ 22ನೇ ತಾರೀಕು, ನವರಾತ್ರಿಯ ಮೊದಲನೇ ದಿವಸದಲ್ಲಿ, ನಮ್ಮ ದೇಶದೊಳಗೆ ಅನೇಕ ಸಾಮಾನುಗಳ ಮೇಲಿನ ಜಿಎಸ್‌ಟಿ ಎಂಬ ತೆರಿಗೆ ಇಳಿಯಿತು. ಅದರ ಹಿಂದಿನ ಸಾಯಂಕಾಲ ಪ್ರಧಾನ ಮಂತ್ರಿಗಳು ದೇಶದವರಿಗೆಲ್ಲಾ ಮಾತಾಡಿ, ಇದನ್ನು ಉಳಿತಾಯದ ಹಬ್ಬವೆಂದು ಕರೆದರು. ಆ ವಾರದಲ್ಲಿ ನಾವು ಸಂದರ್ಶಿಸಿದ ಒಂದು ಹಳ್ಳಿಯಲ್ಲಿ, ಹೊಲದ ಕೂಲಿಗೆ ಹೋಗುವ ಹೆಂಗಸರು ಕೆಲವರು ಕೂಡಿಕೊಂಡು ತಮ್ಮ ಧಣಿಯ ಬಳಿಗೆ ಹೋಗಿ, ದಿನಕ್ಕೆ 300 ಇದ್ದ ಕೂಲಿಯನ್ನು 320 ಮಾಡಬೇಕೆಂದು ಬೇಡಿಕೊಂಡರು. ಅವನು ನಕ್ಕು, "ಸರಕಾರದವರೇ ತೆರಿಗೆ ಇಳಿಸ್ಯಾರಲ್ಲ; ಸಾಬೂನು, ಎಣ್ಣೆ ಎಲ್ಲಾ ಅಗ್ಗ ಆದ ಮ್ಯಾಲೆ ಕೂಲಿ ಯಾಕ ಏರಿಸಲಿ?" ಅಂದನು. ಅವರಿಗೆ ಉತ್ತರ ತೋಚದೆ ಹಿಂದಿರುಗಿದರು. ರಾತ್ರಿ ಅವರಲ್ಲಿ ಹಿರಿಯಳಾದ ಒಬ್ಬಳು ನಮ್ಮ ಬಳಿಗೆ ಬಂದು, "ಅಯ್ಯನವರ, ಧಣ್ಯಾರು ಅಂದದ್ದು ಖರೆ ಐತೇನ್ರಿ?" ಎಂದು ಕೇಳಿದಳು. ನಾವೂ ಒಡನೆ ಉತ್ತರ ಹೇಳಲಾರದೆ ಹೋದೆವೆಂದು ಒಪ್ಪಿಕೊಳ್ಳುತ್ತೇವೆ. ಆಮೇಲೆ ಕಾಗದ ಪೆನ್ಸಿಲು ಹಿಡಿದು ಅವಳೊಂದಿಗೆ ಕೂತು ಮಾಡಿದ ಲೆಕ್ಕವೇ ಈ ತಿಂಗಳಿನ ಪಾಠ.

ಮೊದಲು ತಿಳಿಯತಕ್ಕದ್ದೇನಂದರೆ, ತೆರಿಗೆಯಲ್ಲಿ ಎರಡು ಬಗೆ ಉಂಟು. ಒಂದು, ಮನುಷ್ಯನ ಆದಾಯದ ಮೇಲೆ ಬೀಳುವದು. ಹೆಚ್ಚು ಗಳಿಸುವವನು ಹೆಚ್ಚು ಕೊಡುವನು, ಬಡವನು ಏನೂ ಕೊಡಬೇಕಾಗಿಲ್ಲ. ಇನ್ನೊಂದು, ಕೊಳ್ಳುವ ಸಾಮಾನಿನ ಮೇಲೆ ಬೀಳುವದು. ಇದನ್ನು ಅಂಗಡಿಯಲ್ಲಿ ಕೂಲಿಯವಳೂ ಸಾಹುಕಾರನೂ ಸರಿಸಮವಾಗಿ ಕೊಡುತ್ತಾರೆ. ಹಿಂದಿನ ಉಪ್ಪಿನ ತೆರಿಗೆಯು ಈ ಎರಡನೇ ಬಗೆಯದು. ಐಶ್ವರ್ಯವಂತನು ಬಡವನಿಗಿಂತ ಹತ್ತು ಪಾಲು ಉಪ್ಪು ತಿನ್ನುವದಿಲ್ಲವಾದ್ದರಿಂದ ಅದರ ಭಾರವು ಬಡವನ ಹೆಗಲಿಗೇ ಹೆಚ್ಚಾಗಿ ಬಿತ್ತು. 1930ರಲ್ಲಿ ಗಾಂಧಿಯವರು ದಂಡಿಗೆ ನಡೆದದ್ದೂ, ಅದೇ ಏಪ್ರಿಲ್ ತಿಂಗಳಲ್ಲಿ ನಮ್ಮ ಅಂಕೋಲೆಯ ಸಮುದ್ರದ ದಡದಲ್ಲಿ ಜನರು ಕಾನೂನು ಮುರಿದು ಉಪ್ಪು ಮಾಡಿದ್ದೂ ಇದೇ ಕಾರಣದಿಂದ. ಆದಕಾರಣ "ತೆರಿಗೆ ಇಳಿಯಿತು" ಎಂಬ ಸುದ್ದಿ ಕೇಳಿದಾಗ, ಯಾವ ತೆರಿಗೆ, ಅದನ್ನು ಕೊಡುತ್ತಿದ್ದವರು ಯಾರು ಎಂದು ವಿಚಾರಿಸದೆ ಸಂತೋಷಪಡುವದು ಬುದ್ಧಿಯಲ್ಲ.

2025ರಲ್ಲಿ ಎರಡು ಬಗೆಯವೂ ಇಳಿದವು. ಫೆಬ್ರವರಿ 1ರ ಆಯವ್ಯಯದಲ್ಲಿ, ವರ್ಷಕ್ಕೆ 12 ಲಕ್ಷ ರೂಪಾಯಿಯ ತನಕ ಆದಾಯವುಳ್ಳವನು ಹೊಸ ಪದ್ಧತಿಯ ಮೇರೆಗೆ ಆದಾಯ ತೆರಿಗೆ ಕೊಡಬೇಕಾಗಿಲ್ಲವೆಂದು ಹಣಕಾಸಿನ ಮಂತ್ರಿಗಳು ಸಾರಿದರು. ಸರಿಯಾಗಿ 12 ಲಕ್ಷ ಗಳಿಸುವವನಿಗೆ ಇದರಿಂದ 80,000 ರೂಪಾಯಿ ಉಳಿಯಿತು. ಈಗ ನಮ್ಮ ಕೂಲಿಯವಳನ್ನು ನೋಡಿರಿ. ಜಡ್ಡಿಲ್ಲದೆ, ಮಳೆಯ ತೊಂದರೆಯಿಲ್ಲದೆ, ವರ್ಷದಲ್ಲಿ 300 ದಿವಸ ಕೆಲಸ ಸಿಕ್ಕಿದರೂ (ಅಷ್ಟು ಯಾರಿಗೆ ಸಿಕ್ಕುವದು!) ಅವಳ ಗಳಿಕೆ 90,000 ರೂಪಾಯಿ. ಆದಾಯ ತೆರಿಗೆಯನ್ನು ಅವಳು ಎಂದೂ ಕೊಟ್ಟವಳಲ್ಲ, ಕೊಡದಿದ್ದದ್ದು ಇಳಿದರೆ ಅವಳ ಕೈಗೆ ಒಂದು ಕಾಸೂ ಬರುವದಿಲ್ಲ. ಒಬ್ಬನಿಗೆ ಉಳಿದ ತೆರಿಗೆಯು ಇವಳ 266 ದಿವಸದ ಬೆವರಿನ ಬೆಲೆಗೆ ಸಮವಾಗಿದೆ. ಸಂಬಳದವನ ಮೇಲೆ ಹೊಟ್ಟೆಕಿಚ್ಚಿನಿಂದ ಇದನ್ನು ಬರೆಯುವದಿಲ್ಲ. ಪಟ್ಟಣದಲ್ಲಿ ಬಾಡಿಗೆ, ಮಕ್ಕಳ ಫೀಜು ಕೊಟ್ಟು ಅವನೂ ತಿಂಗಳ ಕೊನೆಯಲ್ಲಿ ಸಾಲ ಮಾಡುವದನ್ನು ನಾವು ಕಂಡಿದ್ದೇವೆ. ಆದರೆ ಆ ಇಳಿತವು ಅವಳದಲ್ಲ.

ಜಿಎಸ್‌ಟಿಯ ಇಳಿತವಾದರೋ ಅವಳಿಗೂ ಮುಟ್ಟುವಂಥಾದ್ದು. ಶೇಕಡಾ 18 ಇದ್ದದ್ದು 5ಕ್ಕೆ ಇಳಿದ ಸಾಮಾನುಗಳಲ್ಲಿ ಮೈಗೆ ಹಚ್ಚುವ ಸಾಬೂನು, ತಲೆಯೆಣ್ಣೆ, ಶಾಂಪೂ, ಹಲ್ಲುಜ್ಜುವ ಪೇಸ್ಟು, ಬಿಸ್ಕೀಟು ಇವೆ. ಸೈಕಲ್ಲು 12ರಿಂದ 5ಕ್ಕೆ, ಸಿಮೆಂಟು 28ರಿಂದ 18ಕ್ಕೆ ಇಳಿದವು. ಶಾಲೆಯ ನೋಟುಬುಕ್ಕು, ಪೆನ್ಸಿಲುಗಳ ಮೇಲಿನ ತೆರಿಗೆ ಪೂರ್ಣವಾಗಿ ಹೋಯಿತು. ಔಷಧಗಳ ಮೇಲಿನದು ಬಹಳ ಮಟ್ಟಿಗೆ 12ರಿಂದ 5ಕ್ಕೆ ಬಂತು. ಇವು ಒಳ್ಳೇ ಕೆಲಸಗಳೇ. ಆದರೆ ಅವಳ ಮಡಕೆಯೊಳಗೆ ಬೇಯುವದೇನು? ಬಿಡಿಯಾಗಿ ಅಳೆದುಕೊಡುವ ಜೋಳ, ಅಕ್ಕಿ, ಬೇಳೆಗಳ ಮೇಲೂ, ಕಾಯಿಪಲ್ಲೆ ಉಪ್ಪುಗಳ ಮೇಲೂ ಈ ತೆರಿಗೆ ಮೊದಲೇ ಇರಲಿಲ್ಲ. ಇಲ್ಲದ್ದು ಇಳಿಯುವದು ಹೇಗೆ? ಅಡಿಗೆಯ ಎಣ್ಣೆ, ಸಕ್ಕರೆ, ಚಹಾಪುಡಿ, ಅಡಿಗೆಯ ಗ್ಯಾಸು ಇವುಗಳ ಮೇಲೆ ಶೇಕಡಾ 5 ಇದ್ದು, ಅದು ಹಾಗೆಯೇ ಉಳಿಯಿತು. ಧಣಿಯು "ಎಣ್ಣೆ ಅಗ್ಗ" ಎಂದನಲ್ಲಾ, ಅಗ್ಗವಾದದ್ದು ತಲೆಗೆ ಹಚ್ಚುವ ಎಣ್ಣೆ, ಒಗ್ಗರಣೆಯ ಎಣ್ಣೆಯಲ್ಲ. ಅವನು ಬೇಕೆಂದು ಮೋಸಮಾಡಿದನೆಂದು ನಾವು ಹೇಳಲಾರೆವು; ಅವನಿಗೂ ತಿಳಿದಿರಲಿಕ್ಕಿಲ್ಲ.

ಆ ಹೆಂಗಸು ಇಂಥ ಸಾಬೂನು, ಬಿಸ್ಕೀಟು ಮೊದಲಾದವುಗಳಿಗೆ ತಿಂಗಳಿಗೆ ಸುಮಾರು 400 ರೂಪಾಯಿ ಕೊಡುತ್ತೇನೆಂದಳು. ಅದರಲ್ಲಿ ಸಾಮಾನಿನ ಬೆಲೆ 339, ಹಳೇ ತೆರಿಗೆ 61. ಹೊಸ ತೆರಿಗೆ 17. ಅಂಗಡಿಯವನು ಇಳಿತವನ್ನೆಲ್ಲಾ ಬಿಟ್ಟುಕೊಟ್ಟರೆ ಅವಳಿಗೆ ತಿಂಗಳಿಗೆ ಉಳಿಯುವದು 44 ರೂಪಾಯಿ. (ಐದು ರೂಪಾಯಿಯ ಪೊಟ್ಟಣದಲ್ಲಿ ಬೆಲೆ ಇಳಿಸುವದು ಕಷ್ಟವೆಂದು ಕೆಲವು ಕಂಪನಿಗಳು ತೂಕವನ್ನು ಹೆಚ್ಚಿಸಿದವು, ಆಗ ಉಳಿಯುವದು ದುಡ್ಡಲ್ಲ, ಒಂದೆರಡು ಬಿಸ್ಕೀಟು.) ಅವಳು ಕೇಳಿದ ಇಪ್ಪತ್ತು ರೂಪಾಯಿಯಾದರೋ, ತಿಂಗಳಿಗೆ 20 ದಿವಸದ ಕೆಲಸಕ್ಕೆ 400 ಆಗುವದು. 44 ಎಲ್ಲಿ, 400 ಎಲ್ಲಿ!

ಇನ್ನೊಂದು ಮಾತು ಬಿಟ್ಟುಹೋಗಬಾರದು. ಅದೇ ದಿವಸ ಟ್ರ್ಯಾಕ್ಟರಿನ ಮೇಲಿನ ತೆರಿಗೆ 12ರಿಂದ 5ಕ್ಕೆ ಇಳಿಯಿತು. 7 ಲಕ್ಷದ ಟ್ರ್ಯಾಕ್ಟರು ಕೊಳ್ಳುವವನಿಗೆ 49,000 ರೂಪಾಯಿ ಉಳಿಯಿತು. ಹೀಗಿರಲಾಗಿ, ತೆರಿಗೆ ಇಳಿತವು ಕೂಲಿ ಏರಿಸದಿರುವದಕ್ಕೆ ಕಾರಣವೆಂದು ಹೇಳಿದವನಿಗೇ ಅದು ಕೂಲಿ ಏರಿಸುವ ಶಕ್ತಿಯನ್ನು ಕೊಡುವದಾಗಿತ್ತು.

ಒಂದು ಕಿಟಕಿಯಲ್ಲಿ ಬಂದದ್ದು ಮತ್ತೊಂದು ಕಿಟಕಿಯಲ್ಲಿ ಹೋಗುವದೂ ಉಂಟು. ನಮ್ಮ ಕರ್ನಾಟಕದಲ್ಲಿ 2025ರ ಜನವರಿ 5ರಿಂದ ಸರಕಾರದ ಬಸ್ಸುಗಳ ದರ ಶೇಕಡಾ 15 ಏರಿತು. ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ, ರಾಜ್ಯದ ತೆರಿಗೆಯ ದೆಸೆಯಿಂದ ಡೀಸಲ್ಲು 2 ರೂಪಾಯಿ ಏರಿದವು. ಡೀಸಲ್ಲು ಏರಿದರೆ ಸಂತೆಗೆ ಬರುವ ಪ್ರತಿಯೊಂದು ಚೀಲವೂ ಅದರ ಬಾಡಿಗೆಯನ್ನು ಹೊತ್ತುಕೊಂಡೇ ಬರುವದು. ಖರ್ಚಿಗೂ ಕೂಲಿಗೂ ನಡುವೆ ಬಿದ್ದ ಕಂದಕವನ್ನು ಬಡವರು ತುಂಬುವದು ಸಾಲದಿಂದ. ವಾರದ ಕಂತಿನವರ ಕಾಟ ಎಷ್ಟಾಯಿತೆಂದರೆ, ಸಣ್ಣ ಸಾಲಗಳ ಬಲಾತ್ಕಾರದ ವಸೂಲಿಯನ್ನು ತಡೆಯಲಿಕ್ಕೆ 2025ರ ಫೆಬ್ರವರಿಯಲ್ಲಿ ರಾಜ್ಯವು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು.

ಹಾಗಾದರೆ ಅಧಿಪತಿಗಳು ಕೂಲಿಯ ಮಾತಿಗಿಂತ ತೆರಿಗೆ ಇಳಿತದ ಮಾತನ್ನು ಹೆಚ್ಚಾಗಿ ಆಡುವದೇಕೆ? ತೆರಿಗೆಯನ್ನು ಒಂದೇ ದಿವಸದಲ್ಲಿ ಇಳಿಸಬಹುದು, ಎಲ್ಲರೂ ಕೇಳುವ ಹಾಗೆ ಸಾರಬಹುದು. ಕೂಲಿ ಏರಿಸಬೇಕಾದರೆ ಸಾವಿರಾರು ಧಣಿಗಳ ಕೋಪವನ್ನು ತಾಳಬೇಕು, ಹಳ್ಳಿಹಳ್ಳಿಗೂ ತನಿಖೆಯವರನ್ನು ಕಳುಹಿಸಬೇಕು. ಮೇಲೆ ಹೇಳಿದ ಆಯವ್ಯಯವಾದ ನಾಲ್ಕು ದಿವಸಗಳಲ್ಲೇ ದಿಲ್ಲಿಯಲ್ಲಿ ಮತದಾನವಿತ್ತು; ಅದಕ್ಕೋಸ್ಕರವೇ ಹೀಗೆ ಮಾಡಿದರೆಂದು ನಾವು ತೀರ್ಪು ಕೊಡುವದಿಲ್ಲ. ಜನರ ನೊಗವನ್ನು ಹಗುರಮಾಡದೆ ಹತ್ತು ಗೋತ್ರಗಳನ್ನು ಕಳಕೊಂಡ ರೆಹಬ್ಬಾಮನ ಕಥೆ ನಮಗೆ ತಿಳಿದದ್ದೇ. ಅಂದಿನಿಂದ ಅಧಿಪತಿಗಳು ಜಾಣರಾದರು, ಆದರೆ ಯಾರ ನೊಗ ಹಗುರವಾಯಿತೆಂದು ನಾವು ನೋಡಬೇಕು.

ಕಂಪನಿಗಳ ತೆರಿಗೆ ಇಳಿದರೆ ಕೆಲಸಗಾರರಿಗೂ ಒಳ್ಳೇದಾಗುವದೆಂದು ಹೇಳುವವರುಂಟು. 2019ರ ಸೆಪ್ಟೆಂಬರಿನಲ್ಲಿ ಅದನ್ನು ಶೇಕಡಾ 30ರಿಂದ 22ಕ್ಕೆ ಇಳಿಸಿದರು. ವರ್ಷಕ್ಕೆ 1,45,000 ಕೋಟಿ ರೂಪಾಯಿ ಬಿಟ್ಟುಕೊಟ್ಟ ಹಾಗಾಗುವದೆಂದು ಆಗಿನ ಅಂದಾಜು. ಸರಕಾರದ್ದೇ ಆದ 2024-25ರ ಆರ್ಥಿಕ ಸಮೀಕ್ಷೆ ಹೇಳುವದೇನಂದರೆ, 2023-24ರಲ್ಲಿ ದೊಡ್ಡ ಕಂಪನಿಗಳ ಲಾಭ ಶೇಕಡಾ 22ಕ್ಕಿಂತ ಹೆಚ್ಚು ಬೆಳೆಯಿತು, ಉದ್ಯೋಗವು ಬೆಳೆದದ್ದು ಒಂದೂವರೆ. ಮೇಲಿನ ಕೆರೆ ತುಂಬಿದ ಮಾತ್ರಕ್ಕೆ ಕೆಳಗಿನ ಗದ್ದೆಗೆ ನೀರು ಬಾರದು. ತೂಬು ತೆಗೆಯುವವನು ಬೇಕು.

ಬಿಟ್ಟುಕೊಟ್ಟ ತೆರಿಗೆಯೂ ಆಕಾಶದಿಂದ ಬಿದ್ದದ್ದಲ್ಲ. 2025ರ ಆದಾಯ ತೆರಿಗೆಯ ಇಳಿತದಿಂದ ಸುಮಾರು 1 ಲಕ್ಷ ಕೋಟಿ, ಜಿಎಸ್‌ಟಿಯಿಂದ 48,000 ಕೋಟಿ ಕಡಿಮೆಯಾಗುವದೆಂದು ಸರಕಾರವೇ ಅಂದಾಜುಮಾಡಿತು. ಕರ್ನಾಟಕವೂ ಮತ್ತೆ ಕೆಲವು ರಾಜ್ಯಗಳೂ ತಮಗಾಗುವ ನಷ್ಟವನ್ನು ತುಂಬಿಕೊಡಬೇಕೆಂದು ಕೇಳಿದವು. ಬಡವನ ದವಾಖಾನೆ, ಕನ್ನಡ ಶಾಲೆ, ಪಡಿತರದ ಅಕ್ಕಿ ಬರುವದು ಇದೇ ಗಂಟಿನಿಂದ.

ಕೂಲಿ ಎಷ್ಟಿರತಕ್ಕದ್ದೆಂಬದಕ್ಕೆ ಅಳತೆಯೇ ಇಲ್ಲವೆಂದು ತಿಳಿಯಬೇಡಿರಿ. 1957ರಲ್ಲಿ ದಿಲ್ಲಿಯಲ್ಲಿ ಕೂಡಿದ 15ನೇ ಭಾರತ ಕಾರ್ಮಿಕ ಸಮ್ಮೇಳನವು ಒಂದು ಕುಟುಂಬವನ್ನು ಮೂರು ಆಳಾಗಿ ಎಣಿಸಿ, ಒಬ್ಬೊಬ್ಬರಿಗೆ 2,700 ಕ್ಯಾಲೊರಿಯ ಆಹಾರ, ನಾಲ್ವರಿಗೆ ವರ್ಷಕ್ಕೆ 72 ಗಜ ಬಟ್ಟೆ, ಮನೆಯ ಬಾಡಿಗೆ, ಸೌದೆ ದೀಪ ಮೊದಲಾದವುಗಳಿಗೆ ಐದರಲ್ಲೊಂದು ಪಾಲು ಎಂದು ಗೊತ್ತುಮಾಡಿತು. 1991ರಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಓದು, ಜಡ್ಡು, ಮದುವೆ, ಮುಪ್ಪು ಇವುಗಳಿಗೋಸ್ಕರ ಇನ್ನೂ ಶೇಕಡಾ 25 ಸೇರಬೇಕೆಂದು ಹೇಳಿತು. ಈ ಅಳತೆಯಲ್ಲಿ ಸಾಬೂನಿನ ತೆರಿಗೆಯು ಎಷ್ಟು ಸಣ್ಣದೆಂದು ನೀವೇ ನೋಡಿರಿ. ನಮ್ಮ ಹತ್ತಿರ ಇನ್ನೂ ಒಂದು ಅಳತೆ ಇತ್ತು: 2005ರ ಕಾಯಿದೆಯ ಮೇರೆಗೆ ನಡೆದ ಉದ್ಯೋಗ ಖಾತರಿಯ ಕೆಲಸದಲ್ಲಿ 2025-26ರ ಸಾಲಿಗೆ ಕರ್ನಾಟಕದ ದಿನಗೂಲಿ 370, ಗಂಡಸಿಗೂ ಹೆಂಗಸಿಗೂ ಒಂದೇ. ಆ ವರ್ಷದ ಡಿಸೆಂಬರಿನಲ್ಲಿ ಪಾರ್ಲಿಮೆಂಟು ಆ ಕಾಯಿದೆಗೆ ಬದಲಾಗಿ ಬೇರೊಂದನ್ನು ಮಾಡಿತು. ಆದರೆ ಆ ಹೆಂಗಸರು ಧಣಿಯ ಮುಂದೆ ನಿಂತ ದಿವಸ 370 ಎಂಬದು ಪಂಚಾಯತಿಯಲ್ಲಿ ನಡೆಯುತ್ತಿದ್ದ ದರವೇ. ಅವರು ಕೇಳಿದ್ದು 320.

ನಮ್ಮ ಲೆಕ್ಕವನ್ನು ಅವಳ ಮೊಮ್ಮಗನು ನೋಟುಬುಕ್ಕಿನ ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟನು. ಹೆಂಗಸರು ಮರುದಿವಸ ಅದನ್ನು ತಕ್ಕೊಂಡು ಹೋದರು. ಧಣಿಯು ಎರಡು ಸಾರಿ ಓದಿ, "ಟ್ರ್ಯಾಕ್ಟರಿನ ಮಾತು ಯಾರು ಹೇಳಿಕೊಟ್ರು?" ಎಂದು ಕೇಳಿದನಂತೆ. ಗೋವಿನಜೋಳದ ಕೊಯಿಲು ಮುಗಿಯುವ ತನಕ ಹತ್ತು ರೂಪಾಯಿ ಹೆಚ್ಚು ಕೊಡುವದಾಗಿ ಒಪ್ಪಿದನು. ಉಳಿದ ಹತ್ತಕ್ಕೋಸ್ಕರ ಅವರು ಆ ಹಾಳೆಯನ್ನು ಇನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದಾರೆ.