ಯರಗಟ್ಟಿ: ಊರೋ, ಮನೆತನವೋ? ಸಂಶೋಧನಾ ದತ್ತಾಂಶದ ವಿನಿಮಯ ಮತ್ತು ಕನ್ನಡದ ಹೆಸರುಗಳು

ಸಂಶೋಧನೆಯ ಫಲಿತಗಳನ್ನು ಧನಸಹಾಯ ನೀಡಿದ ಸಂಸ್ಥೆಗೆ ವಿಶ್ವವಿದ್ಯಾಲಯವು ವರದಿ ಮಾಡುವ ಕ್ರಮ ಹೊಸದಲ್ಲ. ಹಿಂದೆ ಅದು ಕಡತದ ಮೂಲಕ ಸಾಗುತ್ತಿತ್ತು. ಈಗ ಬಹುಮಟ್ಟಿಗೆ ಗಣಕದಿಂದ ಗಣಕಕ್ಕೆ ಸಾಗುತ್ತದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2009ರ ನಿಯಮಾವಳಿಯು ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸಬೇಕೆಂದು ವಿಧಿಸಿತು. ಆಯೋಗದ ಅಂತರ-ವಿಶ್ವವಿದ್ಯಾಲಯ ಕೇಂದ್ರವಾದ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಿರ್ವಹಿಸುವ ‘ಶೋಧಗಂಗಾ’ ಇಂಥ ಪ್ರಬಂಧಗಳ ಭಂಡಾರ. ‘ವಿದ್ವಾನ್’ ವಿದ್ವಾಂಸರ ಪರಿಚಯಕೋಶ. ಒಂದೇ ಹೆಸರನ್ನು ಎರಡು ಬಗೆಯಾಗಿ ಬರೆದಿದ್ದರೂ ಕಡತ ಓದುವ ಗುಮಾಸ್ತನಿಗೆ ಅದು ತಿಳಿಯುತ್ತಿತ್ತು. ಯಂತ್ರಕ್ಕೆ ಹೇಳದ ಹೊರತು ತಿಳಿಯದು.

ಬೆಳಗಾವಿ ಜಿಲ್ಲೆಯ ಯರಗಟ್ಟಿಯನ್ನು ಉದಾಹರಣೆಯಾಗಿ ನೋಡಬಹುದು. ಹಿಂದೆ ಸವದತ್ತಿ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ತಾನೇ ತಾಲ್ಲೂಕು ಕೇಂದ್ರ. ಆದ್ದರಿಂದ ಈ ಪರಿಸರದ ಜಾನಪದವನ್ನು ಕುರಿತ ಹಳೆಯ ಪ್ರಬಂಧ ಸವದತ್ತಿಯ ಹೆಸರಿನಲ್ಲಿಯೂ ಹೊಸದು ಯರಗಟ್ಟಿಯ ಹೆಸರಿನಲ್ಲಿಯೂ ದಾಖಲಾಗುತ್ತವೆ. ಸವದತ್ತಿಯಾದರೂ ಒಂದೇ ರೂಪದಲ್ಲಿ ಉಳಿದಿಲ್ಲ: ರಟ್ಟರ ಶಾಸನಗಳಲ್ಲಿ ಸುಗಂಧವರ್ತಿ, ಇಂಗ್ಲಿಷ್ ಬರಹದಲ್ಲಿ ಸೌಂದತ್ತಿ. ಬೆಳಗಾಂ ಎಂಬುದು 2014ರ ನವೆಂಬರ್ 1ರಿಂದ ಅಧಿಕೃತವಾಗಿ ಬೆಳಗಾವಿಯಾಯಿತು. ಇನ್ನೂ ತೊಡಕಿನ ಸಂಗತಿಯೆಂದರೆ, ಈ ಭಾಗದಲ್ಲಿ ಊರಿನ ಹೆಸರೇ ಅಡ್ಡಹೆಸರು. ‘ಯರಗಟ್ಟಿ’ ಎಂಬುದು ಸಂಶೋಧಕನ ಹೆಸರೋ ಸಂಶೋಧನೆಯ ಕ್ಷೇತ್ರವೋ ಎಂಬುದನ್ನು ದಾಖಲೆಯ ಯಾವ ಅಂಕಣದಲ್ಲಿ ಅದನ್ನು ತುಂಬಲಾಗಿದೆ ಎಂಬುದೊಂದೇ ನಿರ್ಧರಿಸುತ್ತದೆ. ತಂದೆಯ ಹೆಸರನ್ನು ಒಮ್ಮೆ ಪೂರ್ಣವಾಗಿ, ಒಮ್ಮೆ ಒಂದಕ್ಷರಕ್ಕೆ ಇಳಿಸಿ ಬರೆದರೆ ಒಬ್ಬ ವಿದ್ವಾಂಸ ಇಬ್ಬರಾಗುತ್ತಾನೆ.

ಸಂಸ್ಥೆಯ ಬದಲಾವಣೆಯೂ ಇದಕ್ಕೆ ಸೇರುತ್ತದೆ. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೆ ಈ ಪ್ರದೇಶವು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿತ್ತು.

ಲಿಪಿಯ ಪ್ರಶ್ನೆ ಇವೆಲ್ಲಕ್ಕಿಂತ ಗಂಭೀರವಾದುದು. ಯೂನಿಕೋಡ್ ರೂಢಿಗೆ ಬರುವ ಮುನ್ನ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಪ್ರಬಂಧಗಳು ಕಣ್ಣಿಗೆ ಶುದ್ಧ ಕನ್ನಡ. ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು. ಶೀರ್ಷಿಕೆಯನ್ನು ಅದರಿಂದ ನಕಲಿಸಿದರೆ ಹುಡುಕಾಟಕ್ಕೆ ಅದು ಎಂದೂ ಸಿಗದು. ಗ್ರಂಥಾಲಯದಲ್ಲಿ ಪುಸ್ತಕವಿದ್ದೂ ಸೂಚಿಯಲ್ಲಿ ಇಲ್ಲದ ಸ್ಥಿತಿ ಇದು. ಧನ ನೀಡಿದ ಸಂಸ್ಥೆಯ ಲೆಕ್ಕದಲ್ಲಿ ಮಾತ್ರ ಆ ಯೋಜನೆಗೆ ‘ಫಲಿತ ಶೂನ್ಯ’ವೆಂದು ಬರುವ ಸಂಭವವಿದೆ, ಮುಂದಿನ ಅನುದಾನದ ವಿಚಾರದಲ್ಲಿ ಕನ್ನಡ ವಿಭಾಗಗಳಿಗೆ ಇದರಿಂದ ಹಾನಿಯಾಗಬಹುದು.

ಐರೋಪ್ಯ ದೇಶಗಳಲ್ಲಿ ಇಂಥ ವಿನಿಮಯಕ್ಕಾಗಿ ‘ಸೆರಿಫ್’ ಎಂಬ ಸಾಮಾನ್ಯ ಮಾದರಿಯಿದೆ. ಅದು ವ್ಯಕ್ತಿ, ಸಂಸ್ಥೆ, ಯೋಜನೆ, ಪ್ರಕಟಣೆಗಳನ್ನು ಬೇರೆ ಬೇರೆ ಘಟಕಗಳಾಗಿರಿಸಿ ಅವುಗಳ ಸಂಬಂಧವನ್ನು ಕಾಲಸಹಿತ ದಾಖಲಿಸುತ್ತದೆ. ಬೆಳಗಾಂ-ಬೆಳಗಾವಿಯಂಥ ಬದಲಾವಣೆಗೆ ಈ ಕ್ರಮ ಹೊಂದುತ್ತದೆ. ಆದರೆ ದೊಡ್ಡ ಮಾದರಿಗಾಗಿ ಕಾಯಬೇಕಾದ ಅಗತ್ಯ ವಿಭಾಗಗಳಿಗಿಲ್ಲ. 2012ರಲ್ಲಿ ಆರಂಭವಾದ ಆರ್ಕಿಡ್ ವ್ಯವಸ್ಥೆಯ 16 ಅಂಕೆಗಳ ಗುರುತುಸಂಖ್ಯೆ ಹೆಸರಿನ ಗೊಂದಲವನ್ನು ಬಹುಮಟ್ಟಿಗೆ ನಿವಾರಿಸುತ್ತದೆ. ಶೀರ್ಷಿಕೆಯನ್ನು ಯೂನಿಕೋಡ್ ಕನ್ನಡದಲ್ಲಿಯೂ ಒಂದೇ ಬಗೆಯ ರೋಮನ್ ಲಿಪ್ಯಂತರದಲ್ಲಿಯೂ ಕೊಡುವುದು, ಊರಿನ ಹಳೆಯ ರೂಪಗಳನ್ನು ಪರ್ಯಾಯ ಪದಗಳಾಗಿ ಸೇರಿಸುವುದು, ಅನುದಾನದ ಮಂಜೂರಾತಿ ಸಂಖ್ಯೆಯನ್ನು ಪ್ರಬಂಧದ ಮೊದಲ ಪುಟಗಳಲ್ಲಿಯೇ ಅಚ್ಚು ಮಾಡುವುದು ಮಾರ್ಗದರ್ಶಕರ ಮಟ್ಟದಲ್ಲಿಯೇ ಆಗಬಹುದಾದ ಕೆಲಸ. ಮಂಜೂರಾತಿ ಸಂಖ್ಯೆಯಿಲ್ಲದಿದ್ದರೆ ಉಳಿದೆಲ್ಲವೂ ಸರಿಯಿದ್ದರೂ ಧನಕ್ಕೂ ಫಲಿತಕ್ಕೂ ಕೊಂಡಿ ಕೂಡದು.