ಕೆರೆಯ ಹೂಳೆತ್ತುವ ಯಂತ್ರದ ಗೇರುಪೆಟ್ಟಿಗೆಯ ಎಣ್ಣೆ

ಶ್ರವಣಬೆಳಗೊಳಕ್ಕೆ ಉತ್ತರದಲ್ಲಿರುವ ಜಿನನಾಥಪುರದ ಸೀಮೆಯಲ್ಲಿ ಕೆರೆಗಳ ಹೂಳು ತೆಗೆಯಿಸಲು ಬೇಸಗೆಯೇ ಅನುಕೂಲ ಕಾಲವು. ಜನರು ಹಿಟಾಚಿಯೆಂದು ಕರೆಯುವ ಯಂತ್ರವನ್ನು ಗಂಟೆಯ ಬಾಡಿಗೆಗೆ ತರಿಸಿ, ಅದು ನಡುವೆ ಕೆಟ್ಟು ನಿಂತರೆ, ಮುಂಗಾರಿಗೆ ಮುಂಚೆ ಕೆರೆಗೋಡು ಹೊಲಗಳಿಗೆ ಸೇರದು. ಆದಕಾರಣ ಗ್ರಾಮದ ಮುಖಂಡರೂ ಜಮೀನುದಾರರೂ ಯಂತ್ರವು ಕೆರೆಗಿಳಿಯುವ ಮೊದಲೇ ಅದರ ಚೈನುಗಳನ್ನು ತಿರುಗಿಸುವ ಗೇರುಪೆಟ್ಟಿಗೆಗಳನ್ನು ಪರೀಕ್ಷೆ ಮಾಡಿಸತಕ್ಕದ್ದು.

ಪೆಟ್ಟಿಗೆಗಳು ಎರಡು, ಎಡಕ್ಕೊಂದು ಬಲಕ್ಕೊಂದು. ಇವುಗಳ ಎಣ್ಣೆಯೇ ಬೇರೆ. ಎಂಜಿನ್ನಿನ ಎಣ್ಣೆಯನ್ನು ನೋಡಿದ ಮಾತ್ರಕ್ಕೆ ಇದನ್ನು ನೋಡಿದಂತಾಗದು. ಯಂತ್ರವನ್ನು ಸಮನೆಲಕ್ಕೆ ತಂದು, ಎಣ್ಣೆ ಬಸಿಯುವ ಬಿರಡೆಯು ಕೆಳಕ್ಕೆ ಬರುವಂತೆ ಚೈನನ್ನು ಸರಿಸಿ, ಎಂಜಿನ್ನನ್ನು ನಿಲ್ಲಿಸಿ, ಎಣ್ಣೆಯು ಆರಿದ ಮೇಲೆ ಪಕ್ಕದಲ್ಲಿರುವ ಮಟ್ಟದ ಬಿರಡೆಯನ್ನು ಮೆಲ್ಲಗೆ ಸಡಿಲಿಸಬೇಕು. ಅವಸರಪಟ್ಟರೆ ಒಳಗಿನ ಒತ್ತಡದಿಂದ ಎಣ್ಣೆಯು ಮುಖಕ್ಕೆ ಚಿಮ್ಮೀತು. ರಂಧ್ರದ ಅಂಚಿನವರೆಗೆ ಎಣ್ಣೆಯಿದ್ದರೆ ಸರಿ.

ಎಣ್ಣೆಯು ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆಯೆಂದು ತಿಳಿಯಬೇಕು. ಲೋಹದ ಚೂರುಗಳು ಕಂಡರೆ ಹಲ್ಲುಚಕ್ರವೋ ಬೇರಿಂಗೋ ಸವೆಯುತ್ತಿದೆ. ಮಟ್ಟವು ಏರಿದ್ದರೆ ಸಂತೋಷಪಡಲಾಗದು. ಮೋಟಾರಿನ ಸೀಲು ಕೆಟ್ಟು ಹೈಡ್ರಾಲಿಕ್ ಎಣ್ಣೆಯು ಒಳಕ್ಕಿಳಿಯುತ್ತಿರಬಹುದು. ಅನೇಕ ಯಂತ್ರಗಳಲ್ಲಿ ಎಣ್ಣೆಯನ್ನು 1000 ಗಂಟೆಗಳಿಗೊಮ್ಮೆ ಬದಲಿಸುವರು. ಹೊಸ ಯಂತ್ರದಲ್ಲಿ ಮೊದಲ ಬದಲಾವಣೆಯು ಇನ್ನೂ ಬೇಗನೆ. ಎಣ್ಣೆಯ ಜಾತಿಗೂ ಅವಧಿಗೂ ತಯಾರಕರ ಪುಸ್ತಕವೇ ಪ್ರಮಾಣವು.

ಕೆರೆಯ ಕೆಲಸದಲ್ಲಿ ಹೆಚ್ಚಿನ ಹಾನಿಯು ಹಸಿಗೋಡಿನಿಂದಲೇ. ಹಲ್ಲುಚಕ್ರದ ಹಿಂದೆ ಮೆತ್ತಿದ ಗೋಡು ಒಣಗಿ ಕಲ್ಲಾದರೆ ಸೀಲನ್ನು ಕೆಡಿಸುವುದು. ಅದನ್ನೂ ಸುತ್ತಿಕೊಂಡ ತಂತಿ ಹಗ್ಗಗಳನ್ನೂ ದಿನವೂ ಸಂಜೆ ತೆಗೆಸಬೇಕು. ಬಸಿದ ಹಳೆಯ ಎಣ್ಣೆಯನ್ನು ಡಬ್ಬಿಯಲ್ಲಿ ಹಿಡಿದೊಯ್ಯತಕ್ಕದ್ದಲ್ಲದೆ ಕೆರೆಯಂಗಳದಲ್ಲಿ ಚೆಲ್ಲಗೊಡಕೂಡದು.